ಅತಿಥಿಗಳು ಬರುವ ಮೊದಲೇ ಹೊರಡುವ ಸೌಟಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಪುಟ್ಟ ಅಡುಗೆಮನೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಒಬ್ಬ ಎಲೆಕ್ಟ್ರಿಷಿಯನ್ ಈರುಳ್ಳಿ ಹೆಚ್ಚುತ್ತಿದ್ದಾರೆ. ಕಣ್ಣಿಂದ ಧಾರಾಕಾರ ನೀರು. ಒಂದು ಹೋಳು ಬೆರಳಿನಷ್ಟು ದಪ್ಪ, ಇನ್ನೊಂದು ಕಾಗದದಷ್ಟು ತೆಳು. ಪಕ್ಕದಲ್ಲಿ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಆ ಕೈಗಳಲ್ಲಿ ಉದ್ದ ಹಿಡಿಯ ಸೌಟೊಂದನ್ನು ಬಿಗಿಯಾಗಿ ಹಿಡಿದುಕೊಂಡು, ಡ್ರಿಲ್ ಮಾಸ್ತರರ ಠೀವಿಯಲ್ಲಿ ನಿಂತಿದ್ದಾರೆ.

ಇವರೇ ಸೌಟಕ್ಕ. ಆ ಸೌಟು ಪಾತ್ರೆಗೆ ಇಳಿದದ್ದನ್ನು ಈಚಿನ ವರ್ಷಗಳಲ್ಲಿ ಯಾರೂ ಕಂಡಿಲ್ಲ.

"ಕೈ ಸುಮ್ನಿರಲ್ಲ ನೋಡಿ" ಎನ್ನುತ್ತಾರೆ ಅವರು. "ಯಾರಾದ್ರೂ ಈರುಳ್ಳಿಗೆ ಹೀಗೆ ಚಿತ್ರಹಿಂಸೆ ಕೊಡ್ತಿದ್ರೆ, ಕೊಡಿ ಇಲ್ಲಿ ಅಂತ ಚಾಕು ಕಿತ್ಕೊಳ್ಳೋಣ ಅನ್ಸುತ್ತೆ. ಅದಕ್ಕೇ ಕೈಗೆ ಒಂದು ಸೌಟು ಕೊಟ್ಟು ಹಿಂದೆ ಕಟ್ಟಿ ಹಾಕಿದೀನಿ."

ಮನೆಗೆ ನಾಲ್ಕು ಜನರನ್ನು ರಾತ್ರಿ ಊಟಕ್ಕೆ ಕರೆದು, ಆಮೇಲೆ ತಲೆಯ ಮೇಲೆ ಕೈ ಹೊತ್ತು ಕೂತವರು ಇವರಿಗೆ ಫೋನ್ ಮಾಡುತ್ತಾರೆ. ಸೌಟಕ್ಕ ಬೆಳಗ್ಗೆಯೇ ಬರುತ್ತಾರೆ, ಜೊತೆಯಲ್ಲಿ ನಿಂತು ಅಡುಗೆ ಹೇಳಿಕೊಡುತ್ತಾರೆ, ಅತಿಥಿಗಳು ಬರುವ ಹೊತ್ತಿಗೆ ಜಾಗ ಖಾಲಿ ಮಾಡಿರುತ್ತಾರೆ. ಮಾಡಿದ್ದೆಲ್ಲ ಮನೆಯವರೇ, ಹೊಗಳಿಕೆಯೂ ಮನೆಯವರಿಗೇ. ಇವರ ಕೈಹಿಡಿದು ಅಡುಗೆ ಕಲಿತವರು ಆ ವಠಾರದಲ್ಲಿ, ಈ ಬೀದಿಯಲ್ಲಿ ಎಷ್ಟೋ ಮಂದಿ ಇದ್ದಾರೆ. ಆದರೆ ಎದುರಿಗೆ ಸಿಕ್ಕರೆ ಒಬ್ಬರೂ ಗುರುತು ಹೇಳುವುದಿಲ್ಲ. ಹೇಳಿದರೆ ಗುಟ್ಟು ರಟ್ಟಾಗುತ್ತದಲ್ಲ.

ಇವತ್ತಿನ ಎಲೆಕ್ಟ್ರಿಷಿಯನ್‌ಗೆ ಆತಂಕ ಸ್ವಲ್ಪ ಜಾಸ್ತಿಯೇ ಇದೆ. ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಮೊನ್ನೆ ಅವರಿಗೆ ಬಡ್ತಿ ಸಿಕ್ಕಿದೆ. ಆ ಖುಷಿಗೆ ಒಂದು ಊಟ ಹಾಕೋಣ ಎಂದು ಗಂಡನೇ ಹೊರಟಿದ್ದಾರೆ. ಹೆಂಡತಿಯ ಇಬ್ಬರು ಗೆಳತಿಯರು ಬರುತ್ತಾರೆ, ಅದೇನೂ ಚಿಂತೆಯಲ್ಲ. ಅತ್ತೆಯೂ ಬರುತ್ತಾರೆ, ಚಿಂತೆ ಅದೇ.

ಅತ್ತೆ ಹಿಂದೆ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಿದ್ದವರು. ಮದುವೆಯಾಗಿ ಇಷ್ಟು ವರ್ಷವಾದರೂ ಮಗಳ ಮನೆಯಲ್ಲಿ ಒಂದು ತುತ್ತು ಬಾಯಿಗಿಟ್ಟಿಲ್ಲ. ಬಂದಾಗಲೆಲ್ಲ "ಊಟ ಮಾಡ್ಕೊಂಡೇ ಬಂದಿದೀನಿ" ಎಂಬ ಒಂದೇ ಮಾತು. ಅಳಿಯನ ಜೊತೆ ನೇರ ಮಾತೂ ಇಲ್ಲ. ಅಳಿಯ ಎದುರಿಗೇ ಕೂತಿದ್ದರೂ "ಫ್ಯಾನ್ ಸ್ವಲ್ಪ ಕಮ್ಮಿ ಮಾಡೋಕೆ ನಿನ್ನ ಗಂಡನಿಗೆ ಹೇಳು" ಎಂದು ಮಗಳಿಗೆ ಹೇಳುತ್ತಾರೆ. ಫ್ಯಾನಿನ ರೆಗ್ಯುಲೇಟರ್ ಹಾಕಿದ್ದೇ ಅಳಿಯ, ಪಾಪ.

"ಅಕ್ಕ, ಅವರು ಇವತ್ತು ಒಂದು ತುತ್ತು ತಿಂದ್ರೆ ಸಾಕು" ಎಂದು ಎಲೆಕ್ಟ್ರಿಷಿಯನ್ ಮೂಗು ಒರೆಸಿಕೊಳ್ಳುತ್ತಾರೆ. ಅದು ಈರುಳ್ಳಿಯ ಪ್ರಭಾವವೋ ಬೇರೆಯದೋ ಕೇಳುವಂತಿಲ್ಲ.

"ತುತ್ತಿನ ಮಾತು ಆಮೇಲೆ. ಮೊದ್ಲು ಹೋಳು ಸಣ್ಣದಾಗ್ಲಿ ತಮ್ಮಾ."

ಸೌಟಕ್ಕನ ಅಡುಗೆ ಪಾಠ ಪಲ್ಯ ಸಾರಿನಿಂದ ಶುರುವಾಗುವುದಿಲ್ಲ. ಯಾರು ಯಾರು ಬರುತ್ತಾರೆ ಎಂಬುದು ಅವರ ಮೊದಲ ಪ್ರಶ್ನೆ. ಯಾರಿಗೆ ಹಲ್ಲು ಸೆಟ್, ಯಾರು ತಡವಾಗಿ ಬರುವವರು, ಯಾರಿಗೆ ಯಾರ ಮೇಲೆ ಮುನಿಸು, ಎಲ್ಲ ಕೇಳಿಕೊಂಡ ಮೇಲೆ ಅಡುಗೆಯ ಮಾತು. ಅಡುಗೆ ಎಂದರೂ ಮೂರೇ ಬಗೆ. "ಒಂದು ನಿನ್ನೆನೇ ಮುಗಿದಿರ್ಬೇಕು. ಒಂದು ತನ್ನಷ್ಟಕ್ಕೆ ತಾನೇ ಬೇಯ್ತಿರ್ಬೇಕು. ಒಂದನ್ನ ಬಂದವರೇ ಮಾಡ್ಕೊಂಡು ತಿನ್ಬೇಕು. ನಾಲ್ಕನೇದು ಮಾಡ್ತೀನಿ ಅಂತ ಹೊರಟೋರು ಒಲೆ ಮುಂದೇನೇ ರಾತ್ರಿ ಕಳೀತಾರೆ."

ಅದರಂತೆ ಇವತ್ತಿನ ಸಿಹಿ ನಿನ್ನೆಯೇ ಸಿದ್ಧವಾಗಿದೆ. ಸೌಟಕ್ಕ ಫೋನಿನಲ್ಲಿ ಹೇಳಿದ ಹಾಗೆ ಎಲೆಕ್ಟ್ರಿಷಿಯನ್ ಗಟ್ಟಿಯಾಗಿ ಕಾಯಿಸಿದ ಹಾಲಿಗೆ ಹಣ್ಣು ಬೆರೆಸಿ ಫ್ರಿಜ್ಜಿನಲ್ಲಿ ಇಟ್ಟಿದ್ದಾರೆ. ತನ್ನಷ್ಟಕ್ಕೆ ಬೇಯುವುದು ಕಾಳು, ಆಲೂಗಡ್ಡೆ, ಕುಂಬಳಕಾಯಿ, ಟೊಮೆಟೊ ಎಲ್ಲ ಒಟ್ಟಿಗೆ ಬಿದ್ದಿರುವ ದೊಡ್ಡ ಪಾತ್ರೆ. ಸಣ್ಣ ಉರಿ ಇಟ್ಟು ಮರೆತುಬಿಟ್ಟರೆ ಆಯಿತು, ಮರೆತಷ್ಟೂ ರುಚಿ. ಮೂರನೆಯದಕ್ಕೆ ಬೇಕರಿಯ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಸೌತೆಕಾಯಿ, ಈರುಳ್ಳಿ, ಗಟ್ಟಿ ಮೊಸರು ಬಟ್ಟಲುಗಳಲ್ಲಿ ತುಂಬಿ ಮೇಜಿನ ನಡುವೆ ಇಟ್ಟರೆ ಮುಗಿಯಿತು. ಬೇಕಾದವರು ಬೇಕಾದ ಹಾಗೆ ಬ್ರೆಡ್ಡಿಗೆ ತುಂಬಿಕೊಂಡು ತಿನ್ನಲಿ.

"ಕೈಗೆ ಕೆಲಸ ಇದ್ರೆ ಬಾಯಿ ತಾನಾಗೇ ಬಿಚ್ಚುತ್ತೆ" ಎಂಬುದು ಸೌಟಕ್ಕನ ಅನುಭವ. "ಪರಿಚಯ ಇಲ್ದೋರು ಎದುರುಬದುರು ಕೂತ್ರೆ ಗೋಡೆ ನೋಡ್ತಾರೆ. ಸ್ವಲ್ಪ ಆ ಈರುಳ್ಳಿ ಕೊಡ್ತೀರಾ ಅಂತ ಕೇಳಿದ್ರೆ ಮುಗೀತು, ನೆಂಟಸ್ತನ ಶುರು."

ಈ ಜ್ಞಾನ ಸುಮ್ಮನೆ ಬಂದದ್ದಲ್ಲ. ಸೌಟಕ್ಕ ಮೊದಲು ನೂಲಿನ ಗಿರಣಿಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವರು. ಹಂಡೆಯಂಥ ಪಾತ್ರೆಗಳು, ಪಾಳಿ ಪಾಳಿಯ ಊಟ. ಗಿರಣಿ ಮುಚ್ಚಿದಾಗ ಎಲ್ಲರ ಹಾಗೆ ಇವರೂ ಬೀದಿಗೆ ಬಿದ್ದರು. ಆಮೇಲೆ ಔತಣವಿದ್ದ ಮನೆಗಳಿಗೆ ಹೋಗಿ ಅಡುಗೆ ಮಾಡಿಕೊಡುವ ಕೆಲಸ ಹಿಡಿದರು. ಕೈರುಚಿ ಚೆನ್ನಾಗಿತ್ತು, ಕರೆಯುವವರೂ ಇದ್ದರು. ಆ ಹಾದಿಯಲ್ಲೇ ನಡೆದಿದ್ದರೆ ಹೊಟ್ಟೆಪಾಡಿಗೆ ತೊಂದರೆ ಇರಲಿಲ್ಲ.

ಆದರೆ ಒಂದು ಸಂಜೆ, ಒಂದು ಮನೆಯಲ್ಲಿ, ಯಾಕೋ ಅವರ ಮನಸ್ಸು ಕೆಟ್ಟಿತು. ಅವತ್ತು ಆ ಮನೆಯೊಡತಿಯದೇ ಹುಟ್ಟುಹಬ್ಬ. ಹೊರಗೆ ಹಜಾರದಲ್ಲಿ ನಗೆಯೋ ನಗೆ. ಮನೆಯೊಡತಿ ಮಾತ್ರ ಬಡಿಸುವುದಕ್ಕೆ ಒಳಗೆ ಹೊರಗೆ ಓಡಾಡಿ ಸುಸ್ತಾಗಿ, ಕೊನೆಗೆ ಸಿಂಕಿನ ಪಕ್ಕ ಸೌಟಕ್ಕನ ಜೊತೆ ನಿಂತುಕೊಂಡೇ ತಿಂದರು. "'ಊಟ ಚೆನ್ನಾಗಿತ್ತಂತೆ ಅಕ್ಕ, ಎಲ್ರೂ ಹೇಳಿದ್ರು' ಅಂದ್ರು. ಚೆನ್ನಾಗಿತ್ತಂತೆ! ಅವರ ಮನೆ ಊಟದ ಸುದ್ದಿ ಅವರಿಗೆ ಯಾರೋ ಬಂದು ಹೇಳ್ಬೇಕು. ಕರೆದವರೇ ಕೂರದೆ ಇದ್ರೆ ಅದೆಂಥ ಊಟ?" ಎನ್ನುತ್ತಾರೆ ಸೌಟಕ್ಕ.

ಮರುದಿನದಿಂದ ಅವರು ಅಡುಗೆ ಮಾಡಿಕೊಡುವುದನ್ನೇ ನಿಲ್ಲಿಸಿದರು. ಕೂರುವುದಕ್ಕೆ ಪುರುಸೊತ್ತು ಸಿಗುವಂಥ ಅಡುಗೆ ಹೇಳಿಕೊಡುತ್ತೇನೆ, ಮಾಡಿಕೊಡುವುದಿಲ್ಲ ಎಂದರು. ಕೇಳಿದವರೆಲ್ಲ ಮೂಗು ಮುರಿದರು. ಅಡುಗೆ ಮಾಡದ ಅಡುಗೆಯವಳನ್ನು ಯಾರು ಕರೆಯುತ್ತಾರೆ? ತಿಂಗಳುಗಟ್ಟಲೆ ಫೋನ್ ಬಾಯಿ ಬಿಡಲಿಲ್ಲ. ಅಣ್ಣ ಬಂದು "ತಲೆ ನೆಟ್ಟಗಿದೆಯಾ" ಎಂದು ಕೇಳಿ ಹೋದ. ಸೈಕಲ್ ರಿಪೇರಿ ಅಂಗಡಿಯ ಗಂಡ ಮಾತ್ರ "ನಾನೂ ಸೈಕಲ್ ತುಳ್ಕೊಂಡು ಯಾರನ್ನೂ ಮನೆಗೆ ಬಿಟ್ಟು ಬರಲ್ಲ, ತುಳಿಯೋದು ಅವರವರ ಕೆಲ್ಸ" ಎಂದು ಹೆಂಡತಿಯ ಪರ ನಿಂತರು. ಆ ದಿನಗಳಲ್ಲಿ ಮನೆ ನಡೆದದ್ದು ಪಂಕ್ಚರ್ ಹಾಕಿದ ಆ ಕೈಗಳಿಂದ. ಸೌಟಕ್ಕ ಅದನ್ನು ಹೇಳುವಾಗ ದನಿ ಸ್ವಲ್ಪ ತಗ್ಗುತ್ತದೆ.

ಆಮೇಲೆ ಒಬ್ಬರು ಕರೆದರು, ಅವರು ಇನ್ನೊಬ್ಬರ ಕಿವಿಗೆ ಹಾಕಿದರು. ಗುಟ್ಟಾಗಿ ಹರಡಿದ ಸುದ್ದಿಗಿಂತ ಬೇಗ ಹರಡುವುದು ಯಾವುದಿದೆ?

ಎಲೆಕ್ಟ್ರಿಷಿಯನ್ ಮನೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಪಾತ್ರೆ ಕುದಿಯತೊಡಗಿದೆ. ಹೊರಡುವ ಮುನ್ನ ಸೌಟಕ್ಕ ಕ್ಯಾಂಟೀನಿನ ಒಂದು ಪದ್ಧತಿಯನ್ನು ಹೇಳುತ್ತಾರೆ. ಒಂದೇ ಪಾತ್ರೆಗೆ ಹತ್ತು ಕೈ ಬೀಳುವ ಕಡೆ, ಉಪ್ಪು ಹಾಕಿದವರು ಮುಚ್ಚಳದ ಮೇಲೆ ಒಂದು ಚಮಚ ಅಡ್ಡ ಇಡಬೇಕು. ಚಮಚ ಇದ್ದರೆ ಉಪ್ಪು ಬಿದ್ದಿದೆ ಎಂದರ್ಥ. ಎಲೆಕ್ಟ್ರಿಷಿಯನ್‌ಗೆ ಇದು ತಕ್ಷಣ ಹಿಡಿಸುತ್ತದೆ. "ಲೈನ್ ಮೇಲೆ ಕೆಲ್ಸ ನಡೀವಾಗ ಆನ್ ಮಾಡ್ಬೇಡಿ ಅಂತ ಮೇನ್ ಸ್ವಿಚ್‌ಗೆ ಬೋರ್ಡ್ ನೇತು ಹಾಕ್ತೀವಲ್ಲ ಅಕ್ಕ, ಹಾಗೇ" ಎಂದು ಉಪ್ಪು ಹಾಕುತ್ತಾರೆ, ಚಮಚ ಅಡ್ಡ ಇಡುತ್ತಾರೆ. ಸೌಟಕ್ಕ ಮನೆಗೆ ಹೊರಡುತ್ತಾರೆ.

ಅವರು ಮನೆಗೆ ಬಂದು ಕಾಲು ಚಾಚಿ ಕೂತು ಸ್ವಲ್ಪ ಹೊತ್ತಾಗಿರಬೇಕು, ಫೋನ್ ಬರುತ್ತದೆ. ಆ ಕಡೆ ಎಲೆಕ್ಟ್ರಿಷಿಯನ್.

ಆದದ್ದಿಷ್ಟು. ಅವರು ಬ್ರೆಡ್ ತರಲು ಬೇಕರಿಗೆ ಹೋಗಿದ್ದಾಗ ಹೆಂಡತಿ ಡ್ಯೂಟಿ ಮುಗಿಸಿ ಬಂದಿದ್ದಾರೆ. ಆಸ್ಪತ್ರೆಯ ಅಭ್ಯಾಸ, ಬಳಸಿದ ಚಮಚ ಎಲ್ಲಾದರೂ ಬಿದ್ದಿದ್ದರೆ ಅವರಿಂದ ನೋಡಲಾಗದು. ತೊಳೆದು ಸ್ಟ್ಯಾಂಡಿಗೆ ಹಾಕಿ ಮಲಗಲು ಹೋಗಿದ್ದಾರೆ. ಗಂಡ ಬಂದು ನೋಡಿದರೆ ಮುಚ್ಚಳದ ಮೇಲೆ ಚಮಚವಿಲ್ಲ. ಉಪ್ಪು ಹಾಕಿದ ನೆನಪು ಇದೆ, ಆದರೆ ಚಮಚ ಇಲ್ಲವಲ್ಲ. ಮೇನ್ ಸ್ವಿಚ್ಚಿನಲ್ಲಿ ಬೋರ್ಡ್ ಇಲ್ಲದಿದ್ದರೆ ನೆನಪನ್ನು ನಂಬುವ ಎಲೆಕ್ಟ್ರಿಷಿಯನ್ ಬದುಕುಳಿಯುವುದಿಲ್ಲ. ಹಾಗಾಗಿ ಇನ್ನೊಮ್ಮೆ ಉಪ್ಪು ಹಾಕಿದ್ದಾರೆ. ಉಪ್ಪಿಗಿಂತ ರುಚಿಯಿಲ್ಲ ಎಂದು ಗಾದೆ ಕಟ್ಟಿದವರು ಎರಡು ಸಲ ಉಪ್ಪು ಬಿದ್ದ ಪಾತ್ರೆಯನ್ನು ಕಂಡಿರಲಿಕ್ಕಿಲ್ಲ.

"ಅಕ್ಕ, ಬಾಯಿಗಿಡೋಕೆ ಆಗ್ತಿಲ್ಲ. ಬೇಗ ಬಂದ್ಬಿಡಿ" ಎನ್ನುತ್ತಾರೆ.

ಸೌಟಕ್ಕ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದಿದ್ದಾರೆ. ಅವರ ಕೈಗೆ ಅದೇನು ದೊಡ್ಡ ಕೆಲಸ? ಆದರೆ ಹೊಸ್ತಿಲ ಮೇಲೆ ನಿಲ್ಲುತ್ತಾರೆ. "ನಾನು ಹೋಗಿ ಸರಿ ಮಾಡಿದ್ರೆ ಅದು ನನ್ನಡುಗೆ ಆಗ್ಬಿಡುತ್ತೆ. ಅವರತ್ತೆ ತಿಂದ್ರೂ ನನ್ನ ಕೈಯಡುಗೆ ತಿಂದಂಗಾಯ್ತು. ಆ ಹುಡುಗನಿಗೆ ಏನು ಬಂತು?" ಹೊಸ್ತಿಲಲ್ಲೇ ನಿಂತು ಫೋನಿನಲ್ಲಿ ಕೇಳುತ್ತಾರೆ, "ಅಷ್ಟೇ ದೊಡ್ಡ ಪಾತ್ರೆ ಇನ್ನೊಂದಿದೆಯೇನಪ್ಪಾ?"

"ಇಲ್ಲ ಅಕ್ಕ."

"ಪಕ್ಕದ ಮನೇಲಿ?"

"ಅವರ ಹತ್ರ ಮಾತೇ ಆಡಿಲ್ಲ."

"ಇವತ್ತು ಆಡು. ಪಾತ್ರೆ ತಗೊಂಡು ಬಾ. ಕಾಳು, ತರಕಾರಿ ಅಷ್ಟೇ ಅಳತೆ, ಉಪ್ಪು ಒಂದು ಕಲ್ಲೂ ಬೇಡ. ಬೆಂದ ಮೇಲೆ ಎರಡನ್ನೂ ಸೇರಿಸಿ ಮತ್ತೆ ಕುದಿಸು."

"ಅಷ್ಟೊಂದನ್ನ ಯಾರು ತಿಂತಾರೆ?"

"ಪಾತ್ರೆ ಕೊಟ್ಟೋರನ್ನ ಊಟಕ್ಕೆ ಕರೀದೆ ಇರೋಕಾಗುತ್ತಾ?"

ಪಕ್ಕದ ಮನೆಯಲ್ಲಿ ಇರುವುದು ನಿವೃತ್ತ ಪೋಸ್ಟ್‌ಮ್ಯಾನ್ ಮತ್ತು ಅವರ ಹೆಂಡತಿ. ಪಾತ್ರೆ ಸಿಗುತ್ತದೆ. ಅಷ್ಟಾದ ಮೇಲೆ ಮೇಲಿನ ಮನೆಯವರನ್ನು ಬಿಡುವುದು ಹೇಗೆ? ಅವರಿಂದ ಕುರ್ಚಿಗಳೂ ಬರುತ್ತವೆ, ಕುರ್ಚಿಯ ಹಿಂದೆ ಜನರೂ ಬರುತ್ತಾರೆ. ಆ ಹೊತ್ತೆಲ್ಲ ಸೌಟಕ್ಕ ಮನೆಯಲ್ಲಿ ಕೂತಲ್ಲಿ ಕೂರುವುದಿಲ್ಲ. ಫೋನನ್ನು ಎತ್ತಿ ನೋಡುವುದು, ಇಡುವುದು. ಗಂಡ ಏನಾದರೂ ಕೇಳಿದರೆ ಸಿಡುಕುವುದು. ಅವರ ಪ್ರಕಾರ ಈ ಕಸುಬಿನ ಅತಿ ಕಷ್ಟದ ಭಾಗ ಇದೇ.

ಮರುದಿನ ಬೆಳಗ್ಗೆ ಎಲೆಕ್ಟ್ರಿಷಿಯನ್ ಖುದ್ದಾಗಿ ಬಂದು ಬಾಗಿಲು ಬಡಿಯುತ್ತಾರೆ. ಹೇಳುವ ಆತುರಕ್ಕೆ ಕೂರುವುದಕ್ಕೂ ವ್ಯವಧಾನವಿಲ್ಲ.

ಅತ್ತೆ ಬಂದವರೇ ಎಂದಿನಂತೆ "ಊಟ ಮಾಡ್ಕೊಂಡೇ ಬಂದಿದೀನಿ" ಎಂದು ಮೇಜಿನ ತುದಿಗೆ ಕೂತರಂತೆ. ಪಕ್ಕದ ಕುರ್ಚಿ ಪೋಸ್ಟ್‌ಮ್ಯಾನ್ ತಾತನದು. ತಾತನ ಕೈ ನಡುಗುತ್ತದೆ. ಬ್ರೆಡ್ಡಿಗೆ ಮೊಟ್ಟೆ ಇಟ್ಟರೆ ಸೌತೆಕಾಯಿ ಜಾರುತ್ತದೆ, ಸೌತೆಕಾಯಿ ಇಟ್ಟರೆ ಮೊಟ್ಟೆ ಉರುಳುತ್ತದೆ. ಹಾಸ್ಟೆಲಿನ ಅಷ್ಟು ಹುಡುಗಿಯರನ್ನು ಸಾಕಿದ ಕೈಗಳು ಎಷ್ಟು ಹೊತ್ತು ನೋಡಿಕೊಂಡಿರುತ್ತವೆ? "ಕೊಡಿ ಇತ್ತ" ಎಂದು ಅತ್ತೆಯೇ ತುಂಬಿಕೊಟ್ಟರಂತೆ. ಒಂದಾಯಿತು, ಎರಡಾಯಿತು. ಮೂರನೆಯದನ್ನು ತುಂಬಿದಾಗ ತಾತ, "ನನಗೆ ಸಾಕಮ್ಮ, ಇದು ನಿಮ್ಮದು" ಎಂದರು. ಮಾತಿನ ಭರದಲ್ಲಿ ಅತ್ತೆ ಅದನ್ನು ಕಚ್ಚಿದರು.

ಮಗಳು ತಟ್ಟೆಯಲ್ಲೇ ಕಣ್ಣು ನೆಟ್ಟರು, ಎತ್ತಿದರೆ ಅಳು ಬರುತ್ತಿತ್ತು.

"ಆಮೇಲೆ ಅಕ್ಕ, ಆಮೇಲೆ" ಎಂದು ಎಲೆಕ್ಟ್ರಿಷಿಯನ್ ಮುಂದುವರಿಸುತ್ತಾರೆ. "ನನ್ನ ಕಡೆ ತಿರುಗಿದ್ರು. ನೇರವಾಗಿ. ಅಳಿಯಂದ್ರೇ, ಆ ಪಾತ್ರೆ ಸ್ವಲ್ಪ ಈ ಕಡೆ ತನ್ನಿ ಅಂದ್ರು. ಎರಡು ಸಲ ಹಾಕಿಸ್ಕೊಂಡ್ರು. ನಾನು ಅವರ ಎದುರಿಗೇ ಕೂತು ಉಂಡೆ."

ಎರಡು ಪಾತ್ರೆ ಅಡುಗೆ ತಳ ಕಂಡಿತ್ತು. ಸೌಟಕ್ಕ ಒಳಗೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡು ಬರುತ್ತಾರೆ. "ಗೆದ್ದೆ ಬಿಡು ತಮ್ಮಾ" ಎಂದು ಅವರ ಬೆನ್ನು ತಟ್ಟುತ್ತಾರೆ. ಇಬ್ಬರ ಮುಖದಲ್ಲೂ ಯುದ್ಧ ಗೆದ್ದವರ ಕಳೆ. ಅತ್ತೆಗೊಂದು ಕಾಲ ಇದ್ದಂತೆ ಅಳಿಯನಿಗೂ ಒಂದು ಕಾಲ ಬರಬೇಡವೇ?

ನಿಮಗೇನಾದರೂ ಆಸೆ ಇದೆಯೇ ಎಂದು ಸೌಟಕ್ಕನನ್ನು ಕೇಳಿದರೆ, "ಯಾವ ಮನೆಯೊಡತೀನೂ ಸಿಂಕ್ ಪಕ್ಕ ನಿಂತು ಉಣ್ಬಾರ್ದು, ಅಷ್ಟೇ" ಎನ್ನುತ್ತಾರೆ. ಅಷ್ಟರಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಆ ಕಡೆಯದು ಗತ್ತಿನ ದನಿ. ನಂಬರು ಕೊಟ್ಟವರು ಪೋಸ್ಟ್‌ಮ್ಯಾನ್ ತಾತನ ಹೆಂಡತಿಯಂತೆ. ಅವರೂ ಸೌಟಕ್ಕನಿಂದ ಕಲಿತವರೇ ಎಂಬುದು ತಾತನಿಗೂ ಇನ್ನೂ ಗೊತ್ತಿಲ್ಲ.

"ಬರೋ ವಾರ ನನ್ನ ಅಳಿಯನ್ನ ಊಟಕ್ಕೆ ಕರೀಬೇಕು ಅಂತಿದೀನಿ. ಮೊದಲ ಸಲ ಕರೀತಿರೋದು" ಎನ್ನುತ್ತದೆ ಆ ದನಿ. "ನನಗೆ ಹಾಸ್ಟೆಲ್ ಅಡುಗೆ ಬಿಟ್ರೆ ಬೇರೆ ಬರಲ್ಲ. ಅವರೋ, ಯಾರ ಸಹಾಯನೂ ಇಲ್ದೆ ಮನೆ ತುಂಬ ಜನಕ್ಕೆ ಊಟ ಹಾಕಿದೋರು. ಅವರ ಮುಂದೆ ನಾನು ಕಮ್ಮಿ ಆಗ್ಬಾರ್ದು. ನೀವು ಬಂದು ಹೇಳಿಕೊಡ್ತೀರಂತೆ, ಹೌದಾ? ಅಳಿಯನಿಗೆ ಮಾತ್ರ ತಿಳೀಬಾರ್ದು."

ಎಲೆಕ್ಟ್ರಿಷಿಯನ್ ಇನ್ನೂ ಎದುರಿಗೇ ನಿಂತಿದ್ದಾರೆ. ಸೌಟಕ್ಕ ಅವರನ್ನೇ ನೋಡುತ್ತ, ಮುಖದ ಒಂದು ಗೆರೆಯೂ ಅಲುಗದಂತೆ ಉತ್ತರಿಸುತ್ತಾರೆ.

"ಯಾರಿಗೂ ತಿಳಿಯಲ್ಲ ಬಿಡಿ ಅಮ್ಮ. ಬೆಳಗ್ಗೆ ಬರ್ತೀನಿ, ಅವರು ಬರೋ ಮೊದ್ಲೇ ಹೊರಟಿರ್ತೀನಿ. ಅಳಿಯಂದ್ರಿಗೆ ಏನು ಇಷ್ಟ ಅಂತ ಮಾತ್ರ ಮೊದ್ಲು ಕೇಳಿಟ್ಕೊಳ್ಳಿ. ಈಗ ಮಾತಾಡ್ತೀರಲ್ಲ."