ಬೇಸಿನ್ ಪಕ್ಕದ ಗೋಡೆ

ಒಲೆಯ ಪಕ್ಕದ ಗೋಡೆಗೆ ನನ್ನ ಕೈ ಗುರುತು ಬಿದ್ದಿದೆ ಎಂದು ಬೆಳಿಗ್ಗೆ ಸೊಸೆ ಗೊಣಗಿದಳು. ಮೊನ್ನೆ ತಾನೇ ಬಣ್ಣ ಹೊಡೆಸಿದ್ದು. ಒದ್ದೆ ಕೈಯನ್ನು ಗೋಡೆಗೆ ಒತ್ತುವುದು ನನ್ನ ಹಳೇ ಚಾಳಿ. ಅದು ಅಂಟಿದ್ದು ಶಿಡ್ಲಘಟ್ಟದ ಫಿಲೇಚರ್‌ನಲ್ಲಿ.

ಫಿಲೇಚರ್ ಎಂದರೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕಾರ್ಖಾನೆ. ಗೋಡೆಯುದ್ದಕ್ಕೂ ಬಿಸಿನೀರಿನ ಬೇಸಿನ್‌ಗಳು, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು. ಗೂಡಿನ ಅಂಟು ಸೀರೆಗೆ ತಾಗಿದರೆ ನಾತ ಬಿಡುವುದಿಲ್ಲ. ಅದಕ್ಕೇ ಊಟಕ್ಕೆ ಏಳುವಾಗ ಅಂಗೈಯನ್ನು ಪಕ್ಕದ ಗೋಡೆಗೆ ಒತ್ತಿ ನೀರು ಇಳಿಸುತ್ತಿದ್ದೆವು. ಕೂರುವ ಜಾಗ ಒಂದೇ, ಕೈ ಬೀಳುವ ಜಾಗವೂ ಒಂದೇ. ಬರಬರುತ್ತಾ ಸುಣ್ಣದ ಮೇಲೆ ಕಂದು ಹಸ್ತಗಳು ಮೂಡಿದವು. ನಾತದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬೆಂದ ಹುಳುವಿನ ವಾಸನೆಗೆ ಬಸ್ಸಿನಲ್ಲಿ ನಮ್ಮ ಪಕ್ಕ ಯಾರೂ ಕೂರುತ್ತಿರಲಿಲ್ಲ. ಕಾಲು ಚಾಚಿಕೊಂಡು ಬರುತ್ತಿದ್ದೆವು.

ಜೊತೆಗೆ ಜುಬೇದಾ ಮತ್ತು ಅವಳ ತಂಗಿ ಶಮೀಮ್ ಇದ್ದರು. ಕನ್ನಡ, ತೆಲುಗು, ಉರ್ದು ಎಲ್ಲ ಕಲಸಿ ಮಾತಾಡುತ್ತಿದ್ದೆವು. ಶಮೀಮ್ ಜ್ವರ ಬಂದು ಸತ್ತಳು. ಅವರ ಮನೆಯಲ್ಲಿ ಹೆಣ್ಣುಮಕ್ಕಳ ಫೋಟೊ ತೆಗೆಸುತ್ತಿರಲಿಲ್ಲ. ಜುಬೇದಾ ಮತ್ತೆ ಕೆಲಸಕ್ಕೆ ಬರಲಿಲ್ಲ, ಅವಳನ್ನು ಚಿಂತಾಮಣಿಗೆ ಮದುವೆ ಮಾಡಿ ಕೊಟ್ಟರು. ಶಮೀಮ್ ಬೇಸಿನ್‌ಗೆ ಮಾಲೀಕ ನನ್ನನ್ನು ಕೂರಿಸಿದ. ಕೂತೆ.

ಫಿಲೇಚರ್ ಮುಚ್ಚಿ ಬಹಳ ಕಾಲ ಬೀಗ ಬಿದ್ದಿತ್ತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಬೆಂಗಳೂರಿನ ಚಿತ್ರಗಾರರು ಬಂದರು. ಬೀದಿ ಗೋಡೆಗೆ ಬರೆಯುವಂಥ ಚಿತ್ರಗಳನ್ನು ಅದರೊಳಗೆ ಬರೆದು ಮ್ಯೂಸಿಯಂ ಮಾಡುತ್ತಾರಂತೆ. ಸುದ್ದಿ ಕೇಳಿದ ಜುಬೇದಾ ಬಸ್ಸು ಹತ್ತಿ ನಮ್ಮ ಮನೆಗೇ ಬಂದಳು.

"ಅಕ್ಕಾ, ಬೇಗ ಹೋಗಣ ನಡಿ. ಶಮೀಮ್ ಕೈ ಇದೆ ಅಲ್ಲಿ. ಬಣ್ಣ ಬಳಿದುಬಿಟ್ರೆ ಅವಳದು ಅಂತ ಏನೂ ಉಳಿಯಲ್ಲ."

ಹೋದೆವು. ಬಾಗಿಲಿಗೆ ಹಾಕಿದ್ದ ಬೋರ್ಡನ್ನು ನಾನು ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಅವಳು ಒಳಗಿದ್ದಳು. ಬಾಯ್ಲರ್ ಕೋಣೆಯಲ್ಲಿ ಕನ್ನಡಕ ಹಾಕಿದ ಎಮ್ಮೆಯ ಚಿತ್ರವಿತ್ತು. ಎಮ್ಮೆ ಚೆನ್ನಾಗಿತ್ತು, ಕನ್ನಡಕ ಯಾಕೋ ತಿಳಿಯಲಿಲ್ಲ. ನಾವು ಕೂರುತ್ತಿದ್ದ ಹಾಲ್‌ನಲ್ಲಿ ಒಬ್ಬ ಹುಡುಗಿ ಏಣಿ ಹತ್ತಿ ಗೋಡೆಗೆ ನೀಲಿ ಬಳಿಯುತ್ತಿದ್ದಳು. ನೀಲಿ ಕೆಳಗಿಳಿಯುತ್ತಾ ನಮ್ಮ ಹಸ್ತಗಳ ಹತ್ತಿರಕ್ಕೇ ಬಂದಿತ್ತು. ಜುಬೇದಾ ಓಡಿಹೋಗಿ ಶಮೀಮ್ ಜಾಗದ ಆ ಗುರುತಿನ ಮೇಲೆ ಕೈಯಿಟ್ಟು ನಿಂತಳು.

ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನಗೆ ಬಾರದು.

"ಅದು ನನ್ನ ಕೈ ಕಣೇ. ಅವಳು ಹೋದ್ಮೇಲೆ ಅಲ್ಲಿ ಕೂತಿದ್ದು ನಾನು. ಅಷ್ಟು ವರ್ಷ ಒತ್ತಿದೀನಿ, ಅವಳದು ಇನ್ನೆಲ್ಲಿ ಇರ್ತದೆ?"

ಏಣಿ ಮೇಲಿನ ಹುಡುಗಿ ಬ್ರಷ್ ನಿಲ್ಲಿಸಿದಳು. ಜುಬೇದಾ ಕೈ ತೆಗೆಯಲಿಲ್ಲ.

"ಅವಳು ಒತ್ತಿದ ಕಡೆನೇ ತಾನೇ ನೀನೂ ಒತ್ತಿದ್ದು? ನಿನ್ನ ಕೈ ಕೆಳಗಿದ್ದಾಳೆ ಬಿಡು," ಎಂದಳು. "ಮೊದಲಿಂದಲೂ ನಿನ್ನ ಕೈ ದಪ್ಪ. ಮುಚ್ಚೇಬಿಟ್ಟಿದೀಯ," ಎಂದು ಸೇರಿಸಿದಳು.

ಹುಡುಗಿ ಏಣಿ ಇಳಿದು ಬಂದಳು. ಹಸ್ತದ ಸುತ್ತ ಒಂದು ಗೆರೆ ಎಳೆದುಕೊಂಡು, ಅದರ ಆಚೆಗೆ ನೀಲಿ ಬಳಿಯತೊಡಗಿದಳು.

ಈಗ ಸೊಸೆ ಸೋಪುನೀರು, ಬಟ್ಟೆ ತಂದಿಟ್ಟು ಹೋಗಿದ್ದಾಳೆ. ಬಟ್ಟೆಯನ್ನು ಕಿಟಕಿಗೆ ಹಾಕಿದೆ. ಪಾತ್ರೆ ತೊಳೆದ ಕೈಯನ್ನು ಅದೇ ಗುರುತಿನ ಮೇಲೆ ಸರಿಯಾಗಿ ಒತ್ತಿದೆ. ಬೇರೆ ಕಡೆ ಒತ್ತಿದರೆ ಎರಡು ಕಲೆಯಾಗುತ್ತದೆ.