ಅಕ್ಕನ ಕಿವಿಗೆ ಬದಲಾಗಿ ಒಂದು ಎಲ್‌ಇಡಿ

ಒಟ್ಟು ತೊಂಬತ್ತೆರಡು ರೂಪಾಯಿ ಬಿತ್ತು. ನಾಲ್ಕು ಕೆಂಪು ಎಲ್‌ಇಡಿಗೆ ಇಪ್ಪತ್ತನಾಲ್ಕು, ಮೂರು ಸೆಲ್ಲಿಗೆ ಇಪ್ಪತ್ತೊಂದು, ಸೆಲ್ ಕೂರಿಸುವ ಡಬ್ಬಿಗೆ ಹನ್ನೆರಡು. ಬೆಲ್ ಸ್ವಿಚ್ಚು ನನ್ನ ಅಂಗಡಿಯದೇ, ಅಸಲು ಹದಿನೈದು. ಉಳಿದ ಇಪ್ಪತ್ತು ವೈರಿಗೆ. ಅದರಲ್ಲಿ ಎರಡು ರೂಪಾಯಿಯ ವೈರು ಮೊದಲ ದಿನ ಹಾಕಿದ್ದು, ಹದಿನೆಂಟು ರೂಪಾಯಿಯದು ಮೂರು ವಾರ ತಡವಾಗಿ ಹಾಕಿದ್ದು. ಕೂಲಿ ಹಿಡಿದಿಲ್ಲ, ಕೆಲಸ ನನ್ನದೇ. ಹರಿಹರದಲ್ಲಿದ್ದ ನನ್ನ ಅಕ್ಕನಿಗೆ ಕಿವಿ ಕೇಳುವುದು ಪೂರ್ತಿ ನಿಂತಿತ್ತು, ಬಾಗಿಲಲ್ಲಿ ಯಾರು ಕೂಗಿದರೂ ಗೊತ್ತಾಗುತ್ತಿರಲಿಲ್ಲ, ಅದಕ್ಕೇ ಈ ಖರ್ಚು. ಇಷ್ಟಕ್ಕೆ ಮೂರು ವಾರ ಯಾಕೆ ತಡ ಅಂತ ಕೇಳಿದರೆ, ಅದು ಸ್ವಲ್ಪ ಬಾಯಿ ಬಿಟ್ಟು ಹೇಳಬೇಕಾದ ವಿಷಯ.

ದಾವಣಗೆರೆ ಜಿಲ್ಲೆಯಾದ ಮರುವರ್ಷದ ಮಾತಿದು. ಮಂಡಿಪೇಟೆಯ ಒಂದು ಅಡ್ಡರಸ್ತೆಯಲ್ಲಿ ನನ್ನ ಅಂಗಡಿ. ವೈರು, ಹೋಲ್ಡರು, ಚೋಕು, ಸ್ಟಾರ್ಟರು. ಸೈಕಲ್ಲಿನ ಮೇಲೆ ಮನೆಮನೆ ತಿರುಗಿ ಟ್ಯೂಬ್‌ಲೈಟ್ ರಿಪೇರಿ ಮಾಡುತ್ತಿದ್ದವನು ಹದಿನೆಂಟು ವರ್ಷ ದುಡಿದ ಮೇಲೆ ಆ ಅಂಗಡಿ ಕಂಡಿದ್ದೆ. ಹೇಳಿದ ಬೆಲೆಗೆ ಒಂದೇ ಮಾತಿನಲ್ಲಿ ಒಪ್ಪಿಕೊಂಡದ್ದು ನನ್ನ ಜನ್ಮದಲ್ಲಿ ಇಲ್ಲ. ಅಂಗಡಿಯ ಮೇಲೆಯೇ ರೂಮು, ಎರಡು ಹೊತ್ತೂ ಖಾನಾವಳಿ ಊಟ. ಮದುವೆಯ ವಯಸ್ಸಿನಲ್ಲಿ ಮೊದಲು ಅಂಗಡಿ ಅಂದೆ. ಆಮೇಲೆ ಅಂಗಡಿ ಆಯಿತು, ಹೆಣ್ಣು ಕೊಡುತ್ತೇವೆ ಅನ್ನುವವರು ಬರುವುದು ನಿಂತಿತು. ದಿನಕ್ಕೆ ನೂರು ಜನರ ಜೊತೆ ಮಾತಾಡುತ್ತಿದ್ದೆ, ಎಲ್ಲರೂ ರೇಟು ಕೇಳುವವರೇ. ಷಟರ್ ಎಳೆದ ಮೇಲೆ ಮರುದಿನ ಬೆಳಗಿನವರೆಗೆ ಬಾಯಿ ತೆರೆಯುವ ಪ್ರಸಂಗವೇ ಇರುತ್ತಿರಲಿಲ್ಲ. ಕೆಲವು ಸಲ ಬೆಳಗ್ಗೆ ಮೊದಲ ಗಿರಾಕಿಗೆ ಉತ್ತರ ಕೊಡುವಾಗ ಗಂಟಲು ಕಟ್ಟಿರುತ್ತಿತ್ತು. ನೆಗಡಿ ಅಂದುಕೊಳ್ಳುತ್ತಿದ್ದೆ.

ಭಾನುವಾರ ಅಂಗಡಿಗೆ ರಜ. ಆವತ್ತು ಬಸ್ಸು ಹತ್ತಿ, ಬಾತಿ ದಾಟಿ, ಹರಿಹರಕ್ಕೆ ಹೋಗುವುದು. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ತೀರಿದ ಮೇಲೆ ನನ್ನನ್ನು ಸಾಕಿದವಳು ಅವಳೇ. ಭಾವ ಮಿಲ್ಲಿನಲ್ಲಿದ್ದರು, ಅವರು ಹೋಗಿ ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಒಂದು ಓಣಿಯಲ್ಲಿ ಎರಡು ಕೋಣೆಯ ಮನೆ. ಶಾವಿಗೆ ಹೊಸೆದು, ಶೇಂಗಾ ಚಟ್ನಿಪುಡಿ ಕುಟ್ಟಿ, ಹೇಳಿದವರ ಮನೆಗೆ ಮಾಡಿಕೊಟ್ಟು ಬದುಕು ನಡೆಸಿದ್ದಳು. ನನ್ನ ಹತ್ತಿರ ಬಿಡಿಗಾಸು ಕೇಳಿದವಳಲ್ಲ.

ಆ ಓಣಿಯ ಪದ್ಧತಿ ಹೇಳಬೇಕು. ಬೆಳಗ್ಗೆ ಅಂಗಳಕ್ಕೆ ನೀರು ಹಾಕಿ ತೆರೆದ ಬಾಗಿಲು ದೀಪ ಹಚ್ಚುವವರೆಗೂ ತೆರೆದೇ ಇರಬೇಕು. ಬರುವವರು ಬಾಗಿಲು ಬಡಿಯುವುದಿಲ್ಲ. ಬೀದಿಯಿಂದಲೇ ‘ಅಕ್ಕಾರೇ’ ಅಂತ ಕೂಗುವುದು, ಒಳಗಿನಿಂದ ‘ಬರ್ರೀ’ ಅಂತ ಬಂದರೆ ಸೀದಾ ಅಡುಗೆಮನೆಗೆ ನಡೆಯುವುದು. ಹಗಲಲ್ಲಿ ಬಾಗಿಲು ಹಾಕಿದರೆ, ಒಂದೋ ಆ ಮನೆಯಲ್ಲಿ ಕೆಟ್ಟದ್ದು ನಡೆದಿದೆ, ಇಲ್ಲವೇ ಓಣಿಯವರು ಬರುವುದು ಅವರಿಗೆ ಬೇಡವಾಗಿದೆ.

ಅಕ್ಕನಿಗೆ ಕಿವಿ ಹೋದದ್ದು ನಿಧಾನಕ್ಕೆ. ಎದುರಿಗೆ ಕೂತರೆ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದಳು, ಬೆನ್ನ ಹಿಂದೆ ಗುಡುಗಿದರೂ ಇಲ್ಲ. ದಾವಣಗೆರೆಯಲ್ಲಿ ಡಾಕ್ಟರಿಗೆ ತೋರಿಸಿ ಮಿಷನ್ ಕೊಡಿಸಿದೆ. ಎಂಟು ದಿನ ಹಾಕಿಕೊಂಡು ಡಬ್ಬಿಗೆ ಹಾಕಿಟ್ಟಳು. “ಕಿವಿಯಾಗೆ ಜೀರುಂಡೆ ಸಾಕ್ದಂಗೆ ಆಗ್ತೈತೆ. ನನಗೆ ಬ್ಯಾಡ” ಅಂದಳು. ಒಂದು ದಿನ ತೆರೆದ ಬಾಗಿಲಲ್ಲಿ ಬೀದಿನಾಯಿ ಒಳಗೆ ಬಂದು, ಅವಳ ಬೆನ್ನ ಹಿಂದೆಯೇ ಹಾಲು ಕುಡಿದು, ಹೊಸೆದ ಶಾವಿಗೆ ತುಳಿದು ಹೋಯಿತು. ಮಾರನೆಯ ದಿನದಿಂದ ಅಕ್ಕ ಹಗಲಲ್ಲೂ ಅಗಳಿ ಹಾಕತೊಡಗಿದಳು.

ಓಣಿಯವರಿಗೆ ನಾಯಿಯ ಕತೆ ಗೊತ್ತಿರಲಿಲ್ಲ. ಎದುರುಮನೆಯಲ್ಲಿ ಹೊಲಿಗೆ ಹೊಲಿಯುವ ಹೆಂಗಸೊಬ್ಬರಿದ್ದರು. ಅವರೇ ಒಂದು ಭಾನುವಾರ ನನ್ನನ್ನು ತಡೆದು ಹೇಳಿದರು.

“ಅಣ್ಣಾರೇ, ನಿಮ್ಮಕ್ಕಾರು ದೊಡ್ಡೋರಾಗ್ಯಾರೆ ಬಿಡ್ರಿ. ಹಗಲು ಹೊತ್ನಾಗೆ ಬಾಗ್ಲು ಹಾಕ್ಕಂಡು ಕುಂತಿರ್ತಾರೆ. ಕೂಗಿದ್ರೆ ಓ ಅನ್ನಲ್ಲ. ನಾವೇನು ಸಾಲ ಕೇಳಾಕ್ ಬರ್ತೀವಾ?”

“ಅವಳಿಗೆ ಕಿವಿ ಕೇಳ್ಸಲ್ಲ ಕಣಮ್ಮ” ಅಂದೆ.

“ನನ್ನೆದ್ರಿಗೆ ಕುಂತಾಗ ಎಲ್ಲಾ ಕೇಳ್ಸುತ್ತಲ್ರೀ?” ಅಂದು ಸೂಜಿಗೆ ದಾರ ಪೋಣಿಸತೊಡಗಿದರು.

ಮುಂದಿನ ಭಾನುವಾರ ನನ್ನ ಸರದಿಯೇ ಬಂತು. ಬಾಗಿಲು ಬಡಿದೆ, ಚಿಲಕ ಅಲ್ಲಾಡಿಸಿದೆ, ಕಿಟಕಿಗೆ ಬಾಯಿಟ್ಟು ಕೂಗಿದೆ. ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತೆ. ಹಿಂದಿನ ವಾರ ‘ಈ ಮನೆ ಮಾರಿ ನನ್ನ ಜೊತೆ ಬಾ’ ಅಂದಿದ್ದೆ, ಅವಳು ಬರಲ್ಲ ಅಂದಿದ್ದಳು, ಅದಕ್ಕೇ ಸಿಟ್ಟಾಗಿ ತೆಗೆಯುತ್ತಿಲ್ಲ ಅಂದುಕೊಂಡು ನಾನೂ ಸಿಟ್ಟಿನಲ್ಲೇ ಬಸ್ಸು ಹತ್ತಿದೆ. ಎರಡು ವಾರ ಹೋಗಲಿಲ್ಲ. ಮೂರನೇ ವಾರ ಹೋದಾಗ ಅವಳು ಹೊಸ್ತಿಲಲ್ಲೇ ಕೂತಿದ್ದಳು. ನಾನು ಬಾಗಿಲು ಬಡಿದ ಆ ಭಾನುವಾರ ಅವಳು ನನಗಾಗಿ ಹೋಳಿಗೆ ಮಾಡಿ, ಹಿತ್ತಲ ಕಡೆ ಕೂತು, ಸಂಜೆಯವರೆಗೂ ಕಾದಿದ್ದಳಂತೆ. “ನನ್ನ ಮಾತಿಗೆ ಬ್ಯಾಸರ ಮಾಡ್ಕಂಡು ಬರಲಿಲ್ಲ ಅಂದ್ಕಂಡೆ ಕಣೋ ತಮ್ಮಾ” ಅಂದಳು.

ಈ ವಿಷಯವನ್ನು ನನ್ನ ಅಂಗಡಿಯ ಸಾಲಿನಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುವವನಿಗೆ ಹೇಳಿದೆ. ಬೆಲ್ಲಿನ ಬದಲು ಬಲ್ಬು ಹತ್ತುವ ಹಾಗೆ ಮಾಡುವ ಯೋಚನೆ ನನಗಿತ್ತು. ಅವನು ನಕ್ಕ.

“ಕರೆಂಟ್ ಹೋದಾಗ ಏನ್ ಮಾಡ್ತೀರಿ? ದಿನಕ್ಕೆ ಆರು ತಾಸು ಇರಲ್ಲ.” ಡ್ರಾಯರಿನಿಂದ ನೀರಿನ ಹನಿಯಂಥ ಒಂದು ಪುಟ್ಟ ಗಾಜಿನ ಕಾಳು ತೆಗೆದ. ಎರಡು ಸೆಲ್ಲಿಗೆ ಮುಟ್ಟಿಸಿದ್ದೇ ತಡ, ಕಣ್ಣು ಕುಕ್ಕುವ ಕೆಂಪು. “ಎಲ್‌ಇಡಿ ರೀ. ಸ್ಟೆಬಿಲೈಸರ್‌ನಾಗೆ ಇರ್ತಾವಲ್ಲ, ಅದರ ಅಣ್ಣ. ಬೆಂಗಳೂರಿಂದ ತರ್ಸಿದ್ದು.”

“ಎಷ್ಟು?”

“ಎಂಟು ರೂಪಾಯಿ.”

“ಸಾಸ್ವೆಕಾಳಿನಷ್ಟು ಸಾಮಾನಿಗೆ ಎಂಟು ರೂಪಾಯಾ? ಸ್ಟೆಬಿಲೈಸರ್‌ದು ಒಂದು ರೂಪಾಯಿಗೆ ಬರ್ತೈತೆ.”

“ಯಜಮಾನ್ರೇ, ಕಾಳು ನೋಡಬ್ಯಾಡ್ರಿ, ಬೆಳಕು ನೋಡ್ರಿ. ಇದರಾಗೆ ಸುಟ್ಟೋಗಾಕೆ ತಂತೀನೇ ಇಲ್ಲ. ಬಿಸಿ ಆಗಲ್ಲ. ಮೂರು ಸೆಲ್ಲಿಗೆ ವರ್ಷ ಕಳೀತೈತೆ. ನೀವು ಸತ್ತರೂ ಇದು ಸಾಯಲ್ಲ.”

“ನಾನು ಸತ್ಮೇಲೆ ಇದನ್ನ ತಗಂಡು ಏನ್ ಮಾಡ್ಲಿ? ಐದು ಮಾಡು.”

ಆರಕ್ಕೆ ಮುಗಿಯಿತು. ಬಲ್ಬಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಅವನು ಆಗಲೇ ಹೇಳಿದ್ದ. ಬಲ್ಬು ಸುತ್ತಲೂ ಬೆಳಗುತ್ತದೆ, ಇದು ಮೂಗಿನ ನೇರಕ್ಕೆ ಮಾತ್ರ. ಎದುರಿಗಿದ್ದರೆ ಸೂರ್ಯ, ಒಂದು ಮಾರು ಪಕ್ಕಕ್ಕೆ ಸರಿದರೆ ಆರಿದ ಹಾಗೆ. ಕೇಳಿಸಿಕೊಂಡೆ. ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸೋಪಿನ ಡಬ್ಬಿಯ ಮುಚ್ಚಳಕ್ಕೆ ನಾಲ್ಕು ತೂತು ಕೊರೆದು, ಎಲ್‌ಇಡಿ ಕೂರಿಸಿ, ಒಂದೊಂದಕ್ಕೂ ಅವನು ಪುಕ್ಕಟೆ ಕೊಟ್ಟ, ಕರೆಂಟು ತಗ್ಗಿಸುವ ರೆಸಿಸ್ಟರ್ ಬೆಸೆದು, ಭಾನುವಾರ ಹರಿಹರಕ್ಕೆ ಒಯ್ದೆ. ಹೊರಗೆ ಸ್ವಿಚ್ಚು, ಒಳಗೆ ಬಾಗಿಲ ಮೇಲೇ ಡಬ್ಬಿ. ವೈರು ಗಿಡ್ಡದಾದಷ್ಟೂ ಖರ್ಚು ಕಡಿಮೆ, ಕೆಲಸ ಚೊಕ್ಕ. ಅಕ್ಕನನ್ನು ಮುಂದಿನ ಕೋಣೆಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂರಿಸಿ, ಹೊರಗೆ ಹೋಗಿ ಒತ್ತಿದೆ. ಬಂದು ಬಾಗಿಲು ತೆಗೆದಳು. ಹುಡುಗಿಯ ಹಾಗೆ ನಗುತ್ತಿದ್ದಳು. ಮೂರು ಸಲ ಮಾಡಿಸಿದಳು. ನಾನು ಚಹಾ ಕುಡಿದು ಬಂದೆ.

ಮುಂದಿನ ವಾರ ಹೋಗಿ ಒತ್ತಿದೆ. ಒತ್ತುತ್ತಲೇ ಇದ್ದೆ. ಕೊನೆಗೆ ಪಕ್ಕದ ಸಂದಿಯಲ್ಲಿ ನುಸುಳಿ ಹಿತ್ತಲಿಗೆ ಹೋಗಿ ನೋಡಿದರೆ, ಅಕ್ಕ ಹಿಂದಿನ ಕಿಟಕಿಯ ಕೆಳಗೆ, ಬಾಗಿಲಿಗೆ ಬೆನ್ನು ಹಾಕಿ, ಶಾವಿಗೆ ಹೊಸೆಯುತ್ತ ಕೂತಿದ್ದಳು. ಅವಳ ಜಾಗವೇ ಅದು. ಬೆಳಕು ಅಲ್ಲೇ ಬರುವುದು. ಮೂವತ್ತು ವರ್ಷದಿಂದ ಹಗಲೆಲ್ಲ ಅಲ್ಲೇ ಕೂತವಳು. ನಾನು ಬಂದ ದಿನ ಮಾತ್ರ ನನ್ನ ಮುಖ ನೋಡಲು ಮುಂದಿನ ಕೋಣೆಗೆ ಬಂದು ಕೂರುತ್ತಿದ್ದಳು. ಹಾಗಾಗಿ ನನಗೆ ಗೊತ್ತಿದ್ದ ಅಕ್ಕ ಬಾಗಿಲಿಗೆ ಮುಖ ಮಾಡಿದ ಅಕ್ಕ.

ಕಾರಣ ಆ ಕ್ಷಣಕ್ಕೇ ಹೊಳೆಯಿತು. ಇಪ್ಪತ್ತೈದು ಅಡಿ ವೈರು ಎಳೆದು ಡಬ್ಬಿಯನ್ನು ಆ ಕಿಟಕಿಯ ಪಕ್ಕಕ್ಕೆ ಹೊಡೆದರೆ ಮುಗಿಯಿತು. ನನ್ನ ಅಂಗಡಿಯಲ್ಲಿ ವೈರಿನ ಸುರುಳಿಗಳ ಮೇಲೆ ಸುರುಳಿ.

ನಾನು ಹೇಳಲಿಲ್ಲ.

“ಲೈಟು ಕಾಣ್ಲೇ ಇಲ್ಲ ಕಣೋ” ಅಂತ ಅಕ್ಕ ಪೆಚ್ಚಾದಾಗ, “ಇವೆಲ್ಲ ಹಿಂಗೇ ಅಕ್ಕ, ನಂಬಂಗಿಲ್ಲ. ಒಬ್ಬಳೇ ಇರಾದು ಸಾಕು, ದಾವಣಗೆರೆಗೆ ಬಾ” ಅಂದೆ. ಎದುರಿನವನ ಕೈ ಸಡಿಲವಾದದ್ದು ಗೊತ್ತಾದ ಮೇಲೆ ಬಿಗಿ ಬಿಡಬಾರದು ಅನ್ನುವುದು ನನ್ನ ವ್ಯಾಪಾರದ ಅಭ್ಯಾಸ. ಅಕ್ಕನ ಹತ್ತಿರವೂ ಅದನ್ನೇ ಮಾಡಿದೆ. ನನ್ನ ರೂಮಿನಲ್ಲಿ ಒಲೆ ಉರಿಯಬೇಕಿತ್ತು. ಷಟರ್ ಎಳೆದು ಮೆಟ್ಟಿಲು ಹತ್ತಿದಾಗ ‘ಬಂದ್ಯಾ’ ಅನ್ನುವವರು ಬೇಕಿತ್ತು. ಇದನ್ನು ನೆಟ್ಟಗೆ ಕೇಳಲು ಬಾಯಿ ಬರಲಿಲ್ಲ. ‘ನಿನ್ನ ಒಳ್ಳೇದಕ್ಕೆ’ ಅನ್ನುವುದು ಸುಲಭವಾಗಿ ಬಂತು.

ಅದರ ಮುಂದಿನ ವಾರವೂ ಅದೇ ಮಾತು. ಅವಳು ನನ್ನ ತುಟಿ ನೋಡುತ್ತ ಕೇಳಿದಳು. “ಅಲ್ಲಿ ನಾನು ಯಾರ ಜೊತೆ ಮಾತಾಡ್ಲಿ?”

“ನಾನಿಲ್ವಾ?”

“ನೀನು ಅಂಗಡಿಯಾಗಿರ್ತೀಯ. ಮೆಟ್ಲು ಹತ್ತಿ ಇಳಿಯಾಕೆ ನನ್ನ ಕೈಲಾಗಲ್ಲ.” ಬಾಗಿಲ ಕಡೆ ನೋಡಿ, “ಆತು ಬಿಡು. ಇಲ್ಲಿ ತಾನೇ ಯಾರು ಬರ್ತಾರೆ ಈಗ. ಬರ್ತೀನಿ” ಅಂದಳು.

ಗೆದ್ದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಎರಡನೇ ಮಂಚ ಎಲ್ಲಿ ಹಾಕುವುದು ಅಂತ ಲೆಕ್ಕ ಹಾಕುತ್ತ ಬಂದೆ.

ಮೂರನೇ ವಾರ ಹೋದಾಗ ಅಕ್ಕ ಎದುರುಮನೆಯ ಹೊಸ್ತಿಲಲ್ಲಿ ನಿಂತಿದ್ದಳು, ಕಂಕುಳಲ್ಲಿ ಶಾವಿಗೆ ಮಣೆ. ಹೊಲಿಗೆಯವರಿಗೆ ಕೊಟ್ಟುಬಿಡಲು ಬಂದಿದ್ದಳು. ಅವರು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

“ನಾನು ಮುಟ್ಟಲ್ಲ ನೋಡ್ರಿ. ಈ ವಾರ ಮೂರು ಸಲ ಬಂದು ಆ ಗುಂಡಿ ಒತ್ತೀನಿ ಅಣ್ಣಾರೇ. ಮಗಳು ಬಾಣಂತಿ, ಶಾವಿಗೆ ಹೇಳಾನ ಅಂತ. ಬಾಗ್ಲು ತೆಗೀಲಿಲ್ಲ. ಈಗ ನೋಡಿದ್ರೆ ಮಣೆ ತಂದ್ ಕೊಡ್ತಾರೆ. ಊರು ಬಿಡಾಕೆ ನಾವೇನ್ ಮಾಡಿದ್ವಿ?”

ಅಕ್ಕ ಅವರ ತುಟಿಯನ್ನೇ ನೋಡುತ್ತಿದ್ದಳು. “ಮೂರು ಸಲ ಬಂದಿದ್ರಾ?” ಅಂದಳು. ಅಷ್ಟೇ. ಆ ಮಾತು ಅಂದ ರೀತಿ ಹೇಗಿತ್ತೆಂದರೆ, ಯಾರೋ ಕಾಗದ ಬರೆದದ್ದು ಬಹಳ ದಿನದ ಮೇಲೆ ಕೈಗೆ ಸಿಕ್ಕ ಹಾಗೆ.

ಮಣೆಯನ್ನು ನಾನೇ ಇಸಿದುಕೊಂಡು ಒಳಗಿಟ್ಟೆ. ಅಲ್ಲಿಂದ ಸೀದಾ ಬಸ್‌ಸ್ಟ್ಯಾಂಡ್ ಕಡೆ ನಡೆದು, ಭಾನುವಾರವೂ ತೆರೆದಿದ್ದ ಒಂದು ಅಂಗಡಿಯಲ್ಲಿ ವೈರು ಕೊಂಡೆ. ಅಸಲು ಹನ್ನೆರಡಕ್ಕೆ ಬರುವುದಕ್ಕೆ ಅವನು ಹದಿನೆಂಟು ಹೇಳಿದ. ಚೌಕಾಸಿ ಮಾಡಲಿಲ್ಲ. ಗೋಡೆಯ ಬುಡಕ್ಕೆ ವೈರು ಎಳೆದು, ಅವಳು ಕೂತಾಗ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಹಿಂದಿನ ಕಿಟಕಿಯ ಚೌಕಟ್ಟಿಗೆ ಡಬ್ಬಿ ಹೊಡೆದೆ. “ಇದು ಮೊದ್ಲೇ ಗೊತ್ತಿರಲಿಲ್ವೇನೋ?” ಅಂತ ಕೇಳಿದಳು. “ಗೊತ್ತಿತ್ತು” ಅಂದೆ. ನನ್ನ ಮುಖ ನೋಡಿದಳು, ಬೈಯಲಿಲ್ಲ. “ಹೋಗಿ ಒತ್ತು” ಅಂದಳು.

ಹೊರಗೆ ಹೋಗುವಷ್ಟರಲ್ಲಿ ಹೊಲಿಗೆಯವರೇ ಒತ್ತಿಬಿಟ್ಟಿದ್ದರು. ಅಕ್ಕ ಹಿಟ್ಟಿನ ಕೈಯಲ್ಲೇ ಬಂದು ಅಗಳಿ ತೆಗೆದಳು. ಆ ಸಂಜೆಯೊಳಗೆ ಓಣಿಯ ಅರ್ಧ ಹೆಂಗಸರು ಒತ್ತಿ ನೋಡಿದರು. “ನಮ್ಮತ್ತೆಗೂ ಒಂದು ಮಾಡ್ಕೊಡ್ರಿ, ಬೇಕಂತ್ಲೇ ಕೇಳ್ಸಿಕೊಳ್ಳಲ್ಲ ಆಕೆ” ಅಂತ ಒಬ್ಬಳು ಅಂದಳು. ಕರೆಂಟು ಹೋಯಿತು, ಸ್ವಿಚ್ಚು ಒತ್ತಿದರೆ ದೀಪ ಹತ್ತಿತು, ಎಲ್ಲರೂ ಹೋ ಅಂದರು. ನನಗೆ ಕೂರಲು ಜಾಗ ಇರಲಿಲ್ಲ, ಕಟ್ಟೆಯ ಮೇಲೆ ಕೂತೆ.

ದಾವಣಗೆರೆಗೆ ಬರುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರಡನೇ ಮಂಚಕ್ಕೆ ಗುರುತು ಮಾಡಿದ ಜಾಗದಲ್ಲಿ ಚೋಕಿನ ಪೆಟ್ಟಿಗೆಗಳನ್ನು ಜೋಡಿಸಿದೆ. ಭಾನುವಾರ ಹೋದರೆ ಅಕ್ಕನ ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಿದ್ದರು. ಊಟ ಬಡಿಸಿ ಅವಳು ಅವರ ತುಟಿ ನೋಡುತ್ತ ಕೂರುತ್ತಿದ್ದಳು. ಐದು ಗಂಟೆಯ ಬಸ್ಸಿಗೆ ಬದಲು ಮೂರರ ಬಸ್ಸಿಗೆ ಹೊರಡುವುದು ನನಗೆ ರೂಢಿಯಾಯಿತು.

ನಿಮ್ಮ ಮನೆಯಲ್ಲೂ ಕಿವಿ ಕೇಳದವರು ಇದ್ದರೆ ಹೀಗೆ ಮಾಡಿ. ಎಲ್‌ಇಡಿಯ ಉದ್ದ ಕಾಲನ್ನು ಸೆಲ್ಲಿನ ಪ್ಲಸ್ ಕಡೆಗೆ ಕೊಡಿ, ತಿರುವುಮುರುವಾದರೆ ಹತ್ತುವುದಿಲ್ಲ. ರೆಸಿಸ್ಟರ್ ಇಲ್ಲದೆ ಕೊಡಬೇಡಿ, ಸುಟ್ಟುಹೋಗುತ್ತದೆ. ಮೊಳೆ ಹೊಡೆಯುವ ಮೊದಲು ಒಂದು ಇಡೀ ದಿನ ಅವರ ಕಣ್ಣಿಗೆ ಬೀಳದ ಹಾಗೆ ಇದ್ದು, ನೀವು ಇಲ್ಲದಾಗ ಅವರು ಎತ್ತ ಮುಖ ಮಾಡಿ ಕೂರುತ್ತಾರೆ ಅನ್ನುವುದನ್ನು ತಿಳಿದುಕೊಳ್ಳಿ. ನೀವಿದ್ದಾಗ ಕೂರುವ ಜಾಗವನ್ನು ನಂಬಬೇಡಿ. ಅವರನ್ನು ನಿಮ್ಮ ಮನೆಗೆ ಕರೆಯುವುದಿದ್ದರೆ, ನನಗೆ ನೀವು ಬೇಕು ಅಂತಲೇ ಕರೆಯಿರಿ, ದೀಪ ಕೆಟ್ಟಿದೆ ಅಂತ ಕರೆಯಬೇಡಿ. ಇನ್ನು ಸೆಲ್ಲು. ಈ ದೀಪ ತಿನ್ನುವುದು ಏನೇನೂ ಇಲ್ಲ, ವರ್ಷವಾದರೂ ಮುಗಿಯದು. ಆದರೂ ಹಳೇ ಸೆಲ್ಲು ಸೋರಿ ಡಬ್ಬಿಯ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ, ಅದಕ್ಕೆ ಮೂರು ತಿಂಗಳಿಗೊಮ್ಮೆ ಬದಲಾಯಿಸಿ. ಯಾರ ಕೈಯಲ್ಲೂ ಕಳಿಸಬೇಡಿ. ನೀವೇ ಹೋಗಿ.