ಬಿಸಿಲಿಗೆ ಬೆಂದ ಬೆನ್ನು

ನನಗೆ ಮದುವೆಯಾಗಿ ಎರಡು ತಿಂಗಳಾಗಿತ್ತು. ಮಾಸ್ತಿಯ ಹತ್ತಿರದ ನಮ್ಮೂರಿನಿಂದ ಮುಳಬಾಗಿಲಿನ ಗಂಡನ ಮನೆಗೆ ಬಂದಿದ್ದೆ. ನಮ್ಮವರು ಶಾಲೆಯ ಮೇಷ್ಟರು. ನಾವಿಬ್ಬರು ಅಲ್ಲಿಯವರೆಗೆ ಆಡಿದ ಮಾತೆಲ್ಲ ಊಟ, ಬಿಸಿನೀರು, ಪಂಚೆ ಇಷ್ಟಕ್ಕೇ ಮುಗಿದಿತ್ತು.

ಬೇಸಿಗೆ ರಜದಲ್ಲಿ ಅವರು ಶ್ರೀನಿವಾಸಪುರದ ಹತ್ತಿರ ದೊಡ್ಡಪ್ಪನ ಮಾವಿನ ತೋಪಿಗೆ ಹೋದರು. ಮಾರನೆಯ ದಿನ ಮಧ್ಯಾಹ್ನದ ಬಸ್ಸಿನಿಂದ ಇಳಿದವರು ಜಗಲಿಯ ಮೇಲೆ ಕೂತರೂ ಗೋಡೆಗೆ ಒರಗಲಿಲ್ಲ. ಊಟಕ್ಕೂ ಅಂಗಿ ತೊಟ್ಟೇ ಕೂತರು. ತೆಗೆದು ಕೂರು ಎಂದು ಅತ್ತೆ ಹೇಳಿದ್ದಕ್ಕೆ ಚಳಿ ಎಂದರು. ಹೊರಗೆ ಬೀದಿನಾಯಿಗಳು ನೆರಳಿಗಾಗಿ ಚರಂಡಿಗಿಳಿದು ಮಲಗಿದ್ದವು. ಅತ್ತೆ ಎದ್ದು ಬಂದು, ಅಂಗಿಯ ಕೊರಳಪಟ್ಟಿ ಎಳೆದು ಒಳಗೆ ಇಣುಕಿದರು.

ಹೆಗಲಿನಿಂದ ಸೊಂಟದವರೆಗೆ ಬೆನ್ನು ಕುಂಕುಮದ ಬಣ್ಣಕ್ಕೆ ತಿರುಗಿತ್ತು. ಬಾವಿಯಲ್ಲಿ ಈಜಿದೆ, ಬಿಸಿಲು ಗೊತ್ತಾಗಲಿಲ್ಲ ಎಂದರು.

ಮಾವನವರು ಹರಳೆಣ್ಣೆ ಬಿಸಿ ಮಾಡಿ ಹಚ್ಚಬೇಕೆಂದರು, ಹಚ್ಚಿಯೂ ಬಿಟ್ಟರು. ನಮ್ಮವರು ಉರಿ ತಾಳದೆ ಅರ್ಧ ಊಟದಲ್ಲೇ ಎದ್ದು ಹಿತ್ತಲಿಗೆ ಹೋದರು. ಅತ್ತೆ ಎಣ್ಣೆಯ ಬಟ್ಟಲನ್ನು ಒಳಗಿಟ್ಟರು. ಮಗನನ್ನು ಚಾಪೆಯ ಮೇಲೆ ಬೋರಲು ಮಲಗಿಸಿ, ಹಳೆಯ ಪಂಚೆಯ ತುಂಡನ್ನು ತಣ್ಣನೆಯ ನೀರುಮಜ್ಜಿಗೆಯಲ್ಲಿ ಅದ್ದಿ ಬೆನ್ನ ಮೇಲೆ ಹರವಿದರು. ಎರಡು ಸಲ ಹಾಗೆ ಮಾಡಿ ನನ್ನನ್ನು ಕರೆದರು.

"ಅಮ್ಮಾಯಿ, ನಂಗೆ ಮಂಡಿ ನೋವು. ಬಟ್ಟೆ ಬಿಸಿ ಆದಂಗೆಲ್ಲ ಬದಲಾಯ್ಸು. ಉಜ್ಜಬೇಡ."

ಬಟ್ಟೆ ಬೇಗ ಬೇಗ ಬಿಸಿಯಾಗುತ್ತಿತ್ತು. ಅವರ ಮುಖ ಚಾಪೆಯ ಕಡೆಗಿತ್ತು, ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ. ಅದರಿಂದಲೋ ಏನೋ ಮಾತು ಸುಲಭವಾಯಿತು. ನಿಮ್ಮೂರಲ್ಲಿ ಬಾವಿ ಇದೆಯಾ ಎಂದು ಕೇಳಿದರು. ಅಪ್ಪನ ತೋಟದಲ್ಲಿ ಇದೆ, ಅದರಲ್ಲೇ ನಾನು ಈಜು ಕಲಿತದ್ದು ಎಂದೆ.

ನಾನು ಒಂದು ಸಲ ಬಟ್ಟೆ ಬದಲಾಯಿಸಿದೆ.

"ನಂಗೆ ಈಜು ಬರಲ್ಲ," ಎಂದರು.

ಆಮೇಲೆ ನಡೆದದ್ದನ್ನು ಹೇಳಿದರು. ದೊಡ್ಡಪ್ಪನ ಮಕ್ಕಳೆಲ್ಲ ಮೇಲಿನಿಂದ ಧುಮುಕುತ್ತಿದ್ದರಂತೆ. ಇವರು ಮೆಟ್ಟಿಲಿಳಿದು, ಸೊಂಟದ ಮಟ್ಟದ ನೀರಿನಲ್ಲಿ ಕಲ್ಲು ಹಿಡಿದು ನಿಂತರಂತೆ. ಮೇಲೆ ಹೋದರೆ ಧುಮುಕು ಅನ್ನುತ್ತಾರೆ, ಅದಕ್ಕೆ ಅವರೆಲ್ಲ ಹೋಗಲಿ ಎಂದು ಕಾದರಂತೆ. ಅವರೆಲ್ಲ ಹೋದದ್ದು ಹೊತ್ತು ವಾಲಿದ ಮೇಲೆ. ಬಿಸಿಲೆಲ್ಲ ಬೆನ್ನಿನ ಮೇಲೇ ಬಿದ್ದಿತ್ತು.

"ಅಮ್ಮಂಗೆ ಹೇಳ್ಬೇಡ."

"ಹೇಳಲ್ಲ," ಎಂದೆ. ನಗು ಬಂತು, ನುಂಗಿಕೊಂಡೆ. ಪಾಪ ಎಂದೂ ಅನ್ನಿಸಿತು.

ನಾಲ್ಕು ದಿನ ಮಜ್ಜಿಗೆ ಬಟ್ಟೆ ಹಾಕಿದೆ. ಐದನೆಯ ದಿನ ಚರ್ಮ ಈರುಳ್ಳಿ ಸಿಪ್ಪೆಯಂತೆ ಏಳತೊಡಗಿತು. ಕೀಳಬೇಡಿ, ತಾನಾಗಿ ಹೋಗುತ್ತೆ ಎಂದೆ. ಕೈಗೆಟುಕಿದಷ್ಟನ್ನು ಕಿತ್ತರು, ಅಲ್ಲಿ ಮತ್ತೆ ಉರಿಯಿತು, ಮತ್ತೆ ಮಜ್ಜಿಗೆ. ಬೇಸಿಗೆ ರಜ ಹಾಗೇ ಕಳೆಯಿತು. ಮಾತು ಮಾತ್ರ ನಿಲ್ಲಲಿಲ್ಲ.

ಮುಂದಿನ ವರ್ಷ ತವರಿಗೆ ಹೋದಾಗ, ಬಿಸಿಲೇರುವ ಮೊದಲೇ ಇಬ್ಬರೂ ತೋಟದ ಬಾವಿಗೆ ಹೋಗುತ್ತಿದ್ದೆವು. ಅವರ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗಿಳಿಸಿದೆ. ಬೇಕಾದಷ್ಟು ನೀರು ಕುಡಿದರು. ಎರಡು ವಾರಕ್ಕೆ ಬುರುಡೆಯಿಲ್ಲದೆ ಒಂದು ಗೋಡೆಯಿಂದ ಇನ್ನೊಂದಕ್ಕೆ ಹೋದರು. ಅಪ್ಪ ಅದನ್ನು ನೋಡಿ, ಅಳಿಯಂದಿರು ಚಿಕ್ಕಂದಿನಿಂದ ಈಜಿದವರ ಹಾಗೆ ಈಜುತ್ತಾರೆ ಎಂದರು.

ನಾನು ಹೌದು ಎಂದೆ.